ಎಳೆ

ಕೊರಿಯಾದ ಚಾಂಗ್‌ಪ್ಯಾಂಗಿನಲ್ಲಿ
ಚಳಿಗೆ ಮೂರು ಗಂಟೆಗೇ ಎಚ್ಚರ.
ಬಾರ್ಲಿ ಮೊಳಕೆಯ ಪುಡಿ ಬೆರೆತ ಅನ್ನದ ತಿಳಿ
ರಾತ್ರಿಯೆಲ್ಲ ಕುದಿದು
ಕಡಾಯಿಯ ತಳದಲ್ಲಿ ಕಂದು ಕೆಸರು.

ಮಾಲ್‌ಸುನ್ ಒಂದು ತುದಿ ಹಿಡಿದಳು,
ಓರಗಿತ್ತಿ ಪಿಲ್‌ನ್ಯೊ ಇನ್ನೊಂದು.
ಗದ್ದೆಯ ಬದುವಿನ ಜಗಳಕ್ಕೆ ಹನ್ನೊಂದು ವರ್ಷ,
ಮಾತಿಲ್ಲ.
ಆದರೆ ಯೊತ್ ಎಳೆಯಲು
ಎರಡು ಜೊತೆ ಕೈ ಬೇಕೇ ಬೇಕು.

ಎಳೆ, ಮಡಿಸು, ಮತ್ತೆ ಎಳೆ.
ಬಾಗಿಲ ಸಂದಿಯ ಗಾಳಿ ಒಳಹೊಕ್ಕು
ಕಂದು ಹೊನ್ನಾಗಿ, ಹೊನ್ನು ಹಾಲಾಗಿ,
ಹಗ್ಗದೊಳಗೆಲ್ಲ ಸಣ್ಣ ಸಣ್ಣ ಸುರಂಗ.

ಅತ್ತೆಯ ಕಾಲಕ್ಕೆ ಯೊತ್ತಿನವನು
ಕತ್ತರಿ ಝಣಗುಟ್ಟಿಸುತ್ತ ಬರುತ್ತಿದ್ದ;
ಹರಿದ ರಬ್ಬರ್ ಜೋಡಿಗೆ ಒಂದು ಗೇಣು.
ಪಿಲ್‌ನ್ಯೊಳ ಗಂಡ, ಆಗ ಆರು ವರ್ಷದವ,
ಹರಿಯದ ಜೋಡನ್ನೇ ಕೊಟ್ಟು ತಿಂದು
ಹಿಮದಲ್ಲಿ ಬರಿಗಾಲಲ್ಲಿ ನಿಂತಿದ್ದನಂತೆ,
ಕೆನ್ನೆ ಮಾತ್ರ ಉಬ್ಬಿತ್ತಂತೆ.

ನೆನಪಾಯಿತೇನೋ, ನಕ್ಕಳು ಒಬ್ಬಳು.
ಯಾರೆಂದು ಹಬೆಯಲ್ಲಿ ಕಾಣಲಿಲ್ಲ.

ಬೆಳಗಾದಾಗ ಪಿಲ್‌ನ್ಯೊ
ಒಂದು ಕಡ್ಡಿ ಲಟಕ್ಕನೆ ಮುರಿದು
ತುದಿಗೆ ಉಫ್ ಎಂದು ಊದಿ ತೋರಿದಳು.
ಮಾಲ್‌ಸುನ್ ತನ್ನದನ್ನೂ ಮುರಿದಳು.
ತೂತು ದೊಡ್ಡದಿದ್ದವರದೇ ಗೆಲುವು,
ಹುಡುಗಿಯರ ಕಾಲದ ಆಟ.

"ನಿನ್ನದೇ ದೊಡ್ಡದು" ಅನ್ನಬೇಕು.
ಅನ್ನಹೋದರೆ
ದವಡೆಗೆ ದವಡೆ ಅಂಟಿಬಿಟ್ಟಿದೆ.
"ಹ್ಞೂಂ" ಎಂದಳು,
ಮೂಗಿನಿಂದಲೇ.