ಸಬ್ಜೆಕ್ಟ್ ನಂಬರ್ ಒಂದು

ನಳಿಗಿ ಕಚ್ಚು ಗಾದೆಪ್ಪಣ್ಣ, ಮೂಗಿಗೆ ಕ್ಲಿಪ್ಪು ಹಾಕ್ತೀನಿ,
ಎದಿ ತುಂಬ ಎಳಕೋ, ಈಗ ಊದು,
ಊದು, ಊದು, ಊದು, ಇನ್ನೂ ಊದು...
ಮದಿವಿ ಮನ್ಯಾಗ ಶಹನಾಯಿಯವರಿಗೂ
ಇಷ್ಟು ಉಪಚಾರ ಇರಾಂಗಿಲ್ಲ.

ಮೂವತ್ತೊಂದು ವರ್ಷ ಆತು ಊದಾಕ ಹತ್ತಿ.
ಬಳ್ಳಾರಿ ಮೆಡಿಕಲ್ ಕಾಲೇಜು, ಶರೀರಕ್ರಿಯಾ ವಿಭಾಗ,
ಕಿಡಕ್ಯಾಗ ಗುಡ್ಡದ ಬಂಡಿ, ಕ್ವಾಟಿ ಗ್ವಾಡಿ.
ಪಗಾರದ ಪುಸ್ತಕದಾಗ ನಾನು ಅಟೆಂಡರು.
ಪೀಜಿ ಹುಡುಗರ ಪುಸ್ತಕದಾಗ ಬ್ಯಾರೆ:
ಸಬ್ಜೆಕ್ಟ್ ನಂಬರ್ ಒಂದು, ಗಂಡಸು, ನಾರ್ಮಲ್.

ನಾನು ಸೇರಿದಾಗ ಡ್ರಮ್ಮು ತಿರುಗ್ತಿತ್ತು.
ಮಿಂಚೋ ಕಾಗದಕ್ಕ ಚಿಮಣಿ ಹೊಗಿ ಹಿಡಿಸಿ
ಕಾಡಿಗಿಯಂಗ ಕಪ್ಪು ಮಾಡೋದು ನನ್ನ ಕೆಲಸ,
ಕಾಲುವಿ ಬದಿಗೆ ಕಪ್ಪಿ ಹಿಡಿಯೋದೂ ನಂದ.
ಮೈ ಬಿಟ್ಟು ಹೊರಗ ಬಂದ ಕಪ್ಪಿ ಗುಂಡಿಗಿ
ಆ ಕಪ್ಪಿನ ಮ್ಯಾಲೆ ಬಿಳೇ ಗೆರಿ ಬರೀತಿತ್ತು,
ಮಗ್ಗಿ ಬರೆಯೋ ಹುಡುಗನಂಗ, ತಲಿ ಎತ್ತದ.
ಈಗ ಕಪ್ಪಿ ಕಂಪ್ಯೂಟರಿನಾಗ ಐತಿ.
ಕೊಂದ್ರೂ ಸಾಯಾಂಗಿಲ್ಲ. ಒತ್ತಿದ್ರ ಮತ್ತ ಜಿಗೀತೈತಿ.

ಈ ಸಲ ಮೂರು ಮಂದಿ.
ಎರ್ರಿಸ್ವಾಮಿ ಜೀನ್ಸ್ ತೊಳೆಯೋರ ಉಸಿರು ಅಳೀತಾನ.
ಬಂದವರ ಬೆರಳು ನೀಲಿ, ಉಗುರು ನೀಲಿ,
ಹೆಬ್ಬೆಟ್ಟೊತ್ತಿದ ಒಪ್ಪಿಗಿ ಪತ್ರದ ಅಂಚೂ ನೀಲಿ.
ಎಷ್ಟು ವರ್ಷ ಆತಮ್ಮ ಕೆಲಸಕ್ಕ? ಅಂದ.
"ಪ್ಯಾಂಟಿನ ಲೆಕ್ಕ ಕೇಳಪ, ವರ್ಷದ್ದು ಇಟ್ಟಿಲ್ಲ."
ಆ ಕಾಲಂ ಹಂಗ ಖಾಲಿ ಬಿಟ್ಟು
ಪೆನ್ನಿನ ಟೋಪಿ ತೆಗೆದು, ಮುಚ್ಚಿ, ತೆಗೆದು ಕುಂತ.

ಮೆಹರುನ್ನೀಸಾ ನೋಡೋದು ರಾತ್ರಿಪಾಳಿ ನರ್ಸುಗಳ ಎದಿ.
ಒಂದು ಬಡಿತಕ್ಕೂ ಇನ್ನೊಂದಕ್ಕೂ ನಡುವಿನ ಸಂದು
ಒಂದ ಸಮ ಇದ್ರ ಚಲೋ ಅಲ್ಲಂತ,
ಚೂರು ಹೆಚ್ಚುಕಮ್ಮಿ ಆಗಬೇಕಂತ, ಅದ ಆರೋಗ್ಯ.
ಮನ್ಯಾಗ ಹೇಳಿದೆ. ಹಂಗಾರ
ನಿನ್ನ ಪಗಾರ ಬರೋ ತಾರೀಖು
ಗಟ್ಟಿಮುಟ್ಟಿ ಐತಿ ಬಿಡು, ಅಂದ್ಲು ಹೆಂಡ್ತಿ.

ಸುಂಕಮ್ಮಂದು ಬೆವರು.
ಮೇ ತಿಂಗಳು, ನಲವತ್ತಮೂರು ಡಿಗ್ರಿ,
ಎಪಿಎಂಸಿ ಯಾರ್ಡಿನಾಗ ತೂಕದ ಮಷೀನು ಇಟ್ಟು
ಚೀಲ ಹೊರೋ ಮುಂಚೆ ಹಮಾಲರನ್ನ ತೂಗ್ತಾಳ,
ಹೊತ್ತ ಮ್ಯಾಲೆ ಮತ್ತ ತೂಗ್ತಾಳ.
ಬೆನ್ನಿಗೆ ಅಂಟಿಸಿದ ಬಟ್ಟಿ ಚೂರು ಡಬ್ಬ್ಯಾಗ ಹಾಕಿ
ಐಸಿನಾಗ ಇಟ್ಟು ಆಟೋದಾಗ ತರ್ತಾಳ.
ಏನಮ್ಮ, ಮೀನಾ? ಅಂತಾನ ಆಟೋದಾಂವ.
ಹೂನಣ್ಣ, ಮೀನ.
ಅವರಪ್ಪ ಅದ ಯಾರ್ಡಿನಾಗ ಮೆಣಸಿನಕಾಯಿ ಹೊರ್ತಾನ.
ಅವನ್ನ ತೂಗಿಲ್ಲ. ಸಂಬಂಧಿಕರನ್ನ ತಗೋಬಾರದಂತ.
ದಿನಾ ಬಂದು ಮಷೀನಿನ ಮುಂದ ನಿಂತು
ಟವೆಲ್ಲಿಲೆ ಕುತ್ತಿಗಿ ಒರೆಸ್ಕೊಂಡು ಹೋಗ್ತಾನ.
ಒರೆಸಿದ್ದು ಲೆಕ್ಕಕ್ಕಿಲ್ಲ.

ಇವರಿಗೆಲ್ಲ ಪಕ್ಕಕ್ಕಿಟ್ಟು ನೋಡಾಕ
ಒಬ್ಬ ಸರಿಯಾದ ಮನುಷ್ಯ ಬೇಕು. ಅದು ನಾನು.
ಹದಿನೇಳು ದಪ್ಪ ಪುಸ್ತಕದಾಗ ನನ್ನ ಉಸಿರು ಐತಿ,
ಹೆಸರು ಇಲ್ಲ.

ಇವತ್ತು ಊದಿದೆ.
ಗೆರಿ ಏರಿತು, ಗುಡ್ಡ ಆಗೋ ಮೊದಲ ಕುಂತುಬಿಡ್ತು.
ಇನ್ನೊಮ್ಮೆ ಅಂದ್ರು. ಇನ್ನೊಮ್ಮೆ.
ಮಷೀನು ಕೆಟ್ಟಿರಬೇಕಂತ ಮೆಹರುನ್ನೀಸಾ ತಾನ ಊದಿದ್ಲು.
ಮಷೀನು ಸರಿ ಇತ್ತು.
ಎಸಿ ನೀರು ಬಕೆಟ್ಟಿಗೆ ಟಪ್, ಟಪ್,
ಒಂದ ಸಮ.
ಆವಾಗ ಹೊಳೀತು ನನಗ, ಚಿಮಣಿ.
ಆ ಹೊಗಿ ಎಲ್ಲ ಕಾಗದಕ್ಕ ಹತ್ತಿತ್ತಂತ ತಿಳಿದಿದ್ದೆ.

ಬರಕೋ ಸ್ವಾಮಿ, ಅಂದೆ.
ಕೆಲಸ: ಡ್ರಮ್ಮಿಗೆ ಹೊಗಿ ಹಿಡಿಸೋದು. ವರ್ಷ: ಹನ್ನೊಂದು.
ನಾನು ಲೆಕ್ಕ ಇಟ್ಟೀನಿ.
ಬರಕೊಂಡ. ಅಕ್ಷರ ಸೊಟ್ಟ ಬಂತು.

ಒಂದನೇ ನಂಬರಿಗೆ ಯಾರನ್ನ ತರ್ತೀರಿ?
ಕ್ಯಾಂಟೀನ್ ಹುಡುಗ ಒಲಿ ಮುಂದ ನಿಂತಾಂವ,
ವಾಚ್‌ಮನ್ನಗ ನಿದ್ದಿ ಇಲ್ಲ,
ಡ್ರೈವರು ಅದಿರಿನ ಲಾರಿ ಹೊಡೆದು ಬಂದಾಂವ.
ಮೂರೂ ಮಂದಿ ಕಿಡಕಿ ಕಡೆ ನೋಡಿದ್ರು,
ರಸ್ತಾದಾಗ ಯಾರರ ಹೊಂಟಿರ್ತಾರ ಅನ್ನಂಗ.

ನಳಿಗಿ ತೊಳೆಯೋದು ನನ್ನ ಕೆಲಸ.
ತೊಳೆದು ಬಿಸಲಿಗೆ ಇಟ್ಟೆ.