ಕಡಲೆಕಾಳಷ್ಟು ಗಾಳಿ

ಒತ್ತು, ಅಂದ ಗಾಡಿಯ ಕೆಳಗಿನಿಂದ ದಸ್ತಗೀರ್.
ಒತ್ತಿದೆ.
ಹಿಡಿ. ಹಿಡಿದೆ.
ನಟ್ಟು ಸಡಿಲಿ, ಪೈಪಿನ ತುದಿಯಲ್ಲಿ ಗೊಳಕ್.
ಬಿಡು, ಅಂದ. ಬಿಟ್ಟರೂ ಕ್ಲಚ್ಚು
ನೆಲ ಬಿಟ್ಟು ಏಳಲಿಲ್ಲ.
ಹೆಬ್ಬೆರಳು ಅಡಿಗೆ ತೂರಿಸಿ ನಾನೇ ಎತ್ತಿದೆ,
ಮತ್ತೆ ಒತ್ತಿದೆ.

ಕಾಮಾಕ್ಷಿಪಾಳ್ಯದ ಲೇತುಗಳು
ಒಂದೊಂದೇ ಬಾಯಿ ಮುಚ್ಚಿದವು.
ಹಿಂದೆ ನೂರಿಪ್ಪತ್ತು ಬಾಡಿಗೆ ಕುರ್ಚಿ;
ಲಗ್ಗೆರೆಯಲ್ಲಿ ಯಾರದೋ ಕೂಸಿಗೆ ನಾಳೆ ನಾಮಕರಣ,
ಫೋನಿನಲ್ಲಿ ಅದರ ಸೋದರಮಾವ, ನಾಲ್ಕನೇ ಸಲ.

ಎರಡು ಡಬ್ಬಿ ಆಯಿಲು ನೆಲ ಕುಡಿಯಿತು.
'ಮೇಲಿನ ಸಿಲಿಂಡರ್ ಹೊಸದು, ಕೆಳಗಿಂದೂ ಹೊಸದು.
ಎಲ್ಲೋ ಒಂದು ಗುಳ್ಳೆ ಕೂತಿದೆ, ಕಡಲೆಕಾಳಷ್ಟು.
ಎರಡು ಟನ್ ಗಾಡೀನ ನಿಲ್ಲಿಸ್ಕೊಂಡಿದೆ ನೋಡು.'
ಬೀಡಿ ಅರ್ಧ ಸೇದಿ, ಏನೋ ಹೊಳೆದು,
ಹುಡುಗನನ್ನು ಮೆಡಿಕಲ್ ಸ್ಟೋರಿಗೆ ಓಡಿಸಿದ.

ಇಷ್ಟು ದಪ್ಪ ಸಿರಿಂಜು ಯಾರಿಗಪ್ಪಾ, ಪೇಷಂಟ್ ಹೆಸರೇನು?
ಅಂಗಡಿಯವನು ಕೇಳಿದನಂತೆ.
ಕೆಎ ಸೊನ್ನೆ ಎರಡು, ಅಂದನಂತೆ ಹುಡುಗ.

ಈ ಸಲ ನಾನು ಒತ್ತಲಿಲ್ಲ.
ಕೂಸಿಗೆ ಒಳಲೆಯಲ್ಲಿ ಹಾಲು ಹಾಕುವಷ್ಟು ನಿಧಾನ
ಕೆಳಗಿನಿಂದ ಅವನು ಆಯಿಲು ಏರಿಸಿದ.
ಮೇಲೆ, ತೆರೆದ ಡಬ್ಬಿಗೆ ಟಾರ್ಚು ಹಿಡಿದು
ಕಾದೆ. ಏನಿಲ್ಲ. ಏನಿಲ್ಲ.
ಆಮೇಲೆ ಬಂತು ಒಂದು,
ಅಂಚಿಗೆ ತಾಗಿ ಒಡೆಯಿತು, ಸದ್ದೂ ಇಲ್ಲ.

ಮೇಲಕ್ಕೇ ಹೊರಟಿತ್ತು ಪಾಪ, ಸಂಜೆಯಿಂದ
ನಾವೇ ಅದನ್ನು ಕೆಳಗೆ ತುಳಿಯುತ್ತಿದ್ದೆವು.

ಪೆಡಲು ಈಗ ನನ್ನ ಪಾದವನ್ನು ವಾಪಸ್ ತಳ್ಳಿತು.
ಎಷ್ಟಾಯ್ತಣ್ಣ? ಅಂದೆ.
ಸಿರಿಂಜನ್ನು ಅಂಗಿಗೇ ಒರೆಸುತ್ತ ದಸ್ತಗೀರ್:
ರಿವರ್ಸ್ ಹಾಕು ಮೊದಲು.