ಅರ್ಧ ಇಂಚು

ದುರ್ಗಿಗುಡಿಯಲ್ಲಿ ಚಪ್ಪಲಿ ಅಂಗಡಿ ಮೇಲಿನ ಕಂಪ್ಯೂಟರ್ ಕ್ಲಾಸಿಗೆ
ನೀಲಿ ಕೋಟು ಹೊಲಿದು ಕೊಟ್ಟಿದ್ದೆ, ಇಪ್ಪತ್ತೆರಡು.
ಬಾಕಿ ನಾಲ್ಕು ಸಾವಿರದ ಇನ್ನೂರು.
ಮೆಟ್ಟಿಲು ಹತ್ತಿ ಹತ್ತಿ ಮಂಡಿ ಸವೆದ ಮೇಲೆ
ಮಾಲೀಕ ಪರಮೇಶಿ ಅಂದ: ದುಡ್ಡಿಲ್ಲ ಅಕ್ಕಾ,
ಬೇಕಾದರೆ ಸೀಟು ಕೊಡ್ತೀನಿ, ಮೂರು ತಿಂಗಳು ಸಿ ಕಲೀರಿ.
ಮುಳುಗಿದ ಸಾಲಕ್ಕೆ ತೇಲಿದ್ದೇ ಲಾಭ ಅಂತ
ಹೂಂ ಅಂದೆ.

ಮೆಹಜಬೀನ್ ಮಿಸ್‌ಗೆ ಇಪ್ಪತ್ತಮೂರು.
ಬೋರ್ಡಿನ ಕಡೆ ತಿರುಗಿದರೆ ಕುರ್ತಾದ ಎಡಭುಜ ಇಳಿದಿರುತ್ತಿತ್ತು,
ಯಾರೋ ರೆಡಿಮೇಡ್ ಕೈ.
ನನ್ನ ಕಣ್ಣೆಲ್ಲ ಅಲ್ಲೇ.

ಮೊದಲ ದಿನ ಪರದೆ ಮೇಲೆ ನಮಸ್ಕಾರ ಬರಬೇಕಿತ್ತು.
ಬಂದದ್ದು: ಐದನೇ ಸಾಲಲ್ಲಿ ತಪ್ಪು.
ಐದನೇ ಸಾಲನ್ನು ಒಂಬತ್ತು ಸಲ ಓದಿದೆ,
ಅದು ಪಾಪ ಸರಿಯಾಗೇ ಇತ್ತು.
ನಾಲ್ಕನೆಯದರ ಕೊನೆಗೆ ಸೆಮಿಕೋಲನ್ ಹಾಕಿಲ್ಲ ನೀವು, ಅಂದರು ಮಿಸ್.
ಗೊತ್ತಾಯಿತು.
ಗಂಟು ಹಾಕದ ದಾರ ಗಂಟಿಲ್ಲದ ಕಡೆ ಬಿಚ್ಚುವುದಿಲ್ಲ,
ಮುಂದೆಲ್ಲೋ, ಮದುವೆಮನೆಯಲ್ಲಿ, ಆರತಿಗೆ ಕೈ ಎತ್ತಿದಾಗ
ಪರ್ರ್ ಅನ್ನುತ್ತದೆ.
ಏಳನೇ ಕ್ಲಾಸಿನ ಮೇಷ್ಟ್ರು ಇದನ್ನು ಅರ್ಧವಿರಾಮ ಅನ್ನುತ್ತಿದ್ದರು.
ಅರ್ಧವಂತೆ!
ಇಲ್ಲಿ ಇದಿಲ್ಲದೆ ಉಸಿರೇ ಇಲ್ಲ.

ಎಣಿಕೆ ಸೊನ್ನೆಯಿಂದ ಯಾಕೆ ಶುರು ಅಂತ
ಪಿಯುಸಿ ಮುಗಿಸಿದ ಹುಡುಗರು ತಲೆ ಕೆರೆದರು.
ಕೊರಳಿನ ಟೇಪು ಎಳೆದು ಹಿತ್ತಾಳೆ ತುದಿ ತೋರಿಸಿದೆ:
ಇಲ್ಲಿ ಒಂದು ಅಂತ ಬರೆದಿದೆಯೇನ್ರೋ?
ನಕ್ಕರು. ಮಿಸ್ ನಗಲಿಲ್ಲ.
ಇನ್ನೊಂದ್ಸಲ ಹೇಳಿ ಅಂದರು.

ಲೂಪಿನ ದಿನ ಐ ಹೆಚ್ಚಿಸುವುದು ಮರೆತೆ.
ಅಂಬುಬಾಯಿ ಅಂಬುಬಾಯಿ ಅಂಬುಬಾಯಿ
ಅಂತ ಪರದೆ ತುಂಬಿ ಹರಿಯಿತು, ಪೆಡಲ್ ಬಿಟ್ಟರೂ ನಿಲ್ಲದ ಮಿಷನ್ನು.
ಟೈಲರಕ್ಕ, ಬ್ಲೌಸಕ್ಕ, ಏ ಇವಳೇ...
ಹುಟ್ಟಿದಂದಿನಿಂದ ಇಷ್ಟು ಸಲ
ನನ್ನ ಹೆಸರನ್ನು ಯಾರೂ ಹಿಡಿದು ಕರೆದಿರಲಿಲ್ಲ.
ನಿಲ್ಲಿಸಿ ಅಕ್ಕಾ, ಅಂದರು ಮಿಸ್.
ಇರಲಿ ಸ್ವಲ್ಪ ಹೊತ್ತು, ಅಂದೆ.

ನನ್ನದೇ ಲೆಕ್ಕ ಬರೆದದ್ದು ಆಷಾಢದಲ್ಲಿ, ಗಿರಾಕಿ ಕಮ್ಮಿ.
ಎದೆಯ ಸುತ್ತಳತೆ ಮೂವತ್ತೈದು, ಅದರಲ್ಲಿ ಅರ್ಧ.
ಪರದೆ ಹದಿನೇಳು ಅಂದಿತು.
ಉಳಿದರ್ಧ?
ಇಂಟ್ ಅಲ್ವಾ ಅಕ್ಕಾ, ಬಿಸಾಕತ್ತೆ.
ಎಲ್ಲಿಗೆ?
ಎಲ್ಲಿಗೂ ಇಲ್ಲ.

ಎಲ್ಲಿಗೂ ಇಲ್ಲವಂತೆ.
ಆ ಅರ್ಧ ಇಂಚಿಗೆ ವಿನೋಬನಗರದ ಬೀಗಿತ್ತಿ
ರೇಷ್ಮೆ ಬ್ಲೌಸನ್ನು ನನ್ನ ಮುಖಕ್ಕೆ ಎಸೆದಿದ್ದಳು.
ಆ ಅರ್ಧ ಇಂಚನ್ನು ಬಿಚ್ಚಿ, ಬಿಟ್ಟು, ಹಿಡಿದು
ಹದಿನೆಂಟು ವರ್ಷ ಬಾಡಿಗೆ ಕಟ್ಟಿದ್ದೇನೆ.

ಉತ್ತರ ಇಡುವ ಡಬ್ಬಕ್ಕೆ ಫ್ಲೋಟ್ ಅಂತ ಬರೆದೆ.
ಹದಿನೇಳರ ಮುಂದೆ ಆರು ಸೊನ್ನೆ ಕೂತವು,
ಅರ್ಧ ಮಾತ್ರ ಬರಲಿಲ್ಲ.
ಮಿಸ್ ಕಿವಿಯ ಹತ್ತಿರ ಬಗ್ಗಿ ಹೇಳಿದರು:
ಭಾಗಿಸುವಾಗ ಎರಡು ಅನ್ನಬೇಡಿ, ಎರಡು ಪಾಯಿಂಟ್ ಸೊನ್ನೆ ಅನ್ನಿ.
ಕತ್ತರಿಸುವ ಮುಂಚೆಯೇ ಹೇಳಬೇಕು ಅದಕ್ಕೆ.
ನಿಜ.
ಕತ್ತರಿಸಿದ ಬಟ್ಟೆಗೆ ಕಿವಿ ಇರುವುದಿಲ್ಲ.
ಹದಿನೇಳೂವರೆ ಬಂತು,
ಅದೇ ಗಳಿಗೆಗೆ ಕರೆಂಟು ಹೋಯಿತು.
ಸೇವ್ ಮಾಡಿರಲಿಲ್ಲ.

ಕತ್ತಲಲ್ಲಿ ಎಲ್ಲರೂ ಮೊಬೈಲು ಹಚ್ಚಿ ಕೂತಾಗ
ನಾನು ಚೀಲದಿಂದ ಸೂಜಿ ತೆಗೆದೆ.
ಒಂಚೂರು ಈಚೆ ತಿರುಗಿ ಮಿಸ್,
ಆ ಭುಜ ನೋಡಲಾರೆ ಇನ್ನು.
ಅವರು ನಾಚಿಕೊಂಡು ತಿರುಗಿದರು.
ನಾಲ್ಕು ಟಾಕಿ, ಒಂದು ಗಂಟು,
ಹಲ್ಲಲ್ಲಿ ದಾರ ಕಡಿದೆ.

ಪಾಯಿಂಟರ್ ಇನ್ನೂ ಹತ್ತಿಲ್ಲ.
ಮನೆ ಬೇರೆಯಂತೆ, ಮನೆಯ ವಿಳಾಸ ಬೇರೆಯಂತೆ,
ವಿಳಾಸಕ್ಕೂ ಒಂದು ಮನೆಯಂತೆ, ನಕ್ಷತ್ರ ಹಚ್ಚಿದರೆ ಬಾಗಿಲು ತೆರೆಯುವುದಂತೆ.
ಇರಲಿ.
ಕಾಲರ್ ಕೂರಿಸಲು ನನಗೆ ಎರಡು ವರ್ಷ ಹಿಡಿದಿತ್ತು.

ನಿನ್ನೆ ಒಬ್ಬಳೇ ಕೂತು ಇನ್ನೊಂದು ಲೆಕ್ಕ ಬರೆದೆ:
ಬಾಕಿಯಲ್ಲಿ ಫೀಸು ಕಳೆದರೆ ಏಳುನೂರು.
ಪ್ರಿಂಟು ಹಾಕಿ ಪರಮೇಶಿಯ ಮೇಜಿನ ಮೇಲಿಟ್ಟೆ.
ಓದಿದ. ಮತ್ತೆ ಓದಿದ.
ಇದರಲ್ಲಿ ಏನೋ ತಪ್ಪಿರಬೇಕು ಅಕ್ಕಾ, ಅಂದ.
ಯಾವ ಸಾಲಲ್ಲಿ ಹೇಳು, ಅಂದೆ.